ಟೀವಿ ಒಡೆದು ಕಿಟಕಿಯಾದದ್ದು

ನಮ್ಮ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದೇ ಒಂದು ಆಸ್ತಿ: ಎಂಟಡಿ ಅಗಲ, ಹತ್ತಡಿ ಉದ್ದದ ಕತ್ತಲೆ.

ಈ ಮನೆಯನ್ನು ಕಟ್ಟಿದ ಪುಣ್ಯಾತ್ಮ ಹಾಲ್, ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಸುತ್ತಲೂ ಹಂಚಿ ಮುಗಿಸಿದ ಮೇಲೆ ನಟ್ಟನಡುವೆ ಸ್ವಲ್ಪ ಜಾಗ ಮಿಕ್ಕಿದ್ದನ್ನು ನೋಡಿರಬೇಕು. ಅದಕ್ಕೊಂದು ಬಾಗಿಲು ಹಚ್ಚಿ ಕೋಣೆ ಎಂದು ಕರೆದುಬಿಟ್ಟ. ಅದರ ನಾಲ್ಕು ಗೋಡೆಗಳಲ್ಲಿ ಒಂದೂ ಹೊರಗಿನ ಪ್ರಪಂಚವನ್ನು ಕಂಡಿಲ್ಲ. ಆದ್ದರಿಂದ ಕಿಟಕಿಯ ಮಾತೇ ಇಲ್ಲ. ನನ್ನ ಹೆಂಡತಿ ಅದನ್ನು ಸಾಮಾನಿನ ಕೋಣೆ ಎನ್ನುತ್ತಿದ್ದಳು. ಮಗಳು ಗುಹೆ ಎನ್ನುತ್ತಿದ್ದಳು. ನಾನು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ‘ವಿಶ್ರಾಂತಿಧಾಮ’ ಎಂದುಕೊಳ್ಳುತ್ತಿದ್ದೆ.

ಯಾಕೆಂದರೆ ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ಮೂರನೇ ನಂಬರಿನ ಕಿಟಕಿ ನನ್ನದು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಅದರ ಕಂಬಿಗಳಾಚೆ ಮುಖಗಳು ಬರುತ್ತವೆ. ನೀರು ಬಂದಿಲ್ಲ ಎನ್ನುವ ಮುಖ, ಬಂದದ್ದು ನಿಲ್ಲುತ್ತಿಲ್ಲ ಎನ್ನುವ ಮುಖ, ಬಂದ ನೀರಿನಲ್ಲಿ ಏನೋ ಈಜುತ್ತಿದೆ ಎನ್ನುವ ಮುಖ. (ಒಬ್ಬರು ಅದನ್ನು ಸೀಸೆಯಲ್ಲಿ ಹಿಡಿದೇ ತಂದಿದ್ದರು. ನಾನು ರಸೀದಿ ಕೊಟ್ಟೆ.) ಇಪ್ಪತ್ತಾರು ವರ್ಷಗಳಿಂದ ಇಡೀ ದಿನ ಒಂದು ಕಿಟಕಿಯ ಹಿಂದೆ ಕೂತು ಬರುವ ಮನುಷ್ಯನಿಗೆ, ಸಂಜೆ ಮನೆಯಲ್ಲಿ ಕಿಟಕಿಯೇ ಇಲ್ಲದ ಕೋಣೆಯೊಂದು ಸಿಗುವುದು ಎಂಥ ಭಾಗ್ಯ ಎಂದು ಬೇರೆಯವರಿಗೆ ವಿವರಿಸುವುದು ಕಷ್ಟ. ಹಳೆಯ ಹಾಸಿಗೆಗಳು, ಖಾಲಿ ಡಬ್ಬಗಳು, ಕಾಲು ಮುರಿದ ಕುರ್ಚಿ, ಇವುಗಳ ನಡುವೆ ಒಂದು ಮಡಚುವ ಮಂಚ. ಬಂದವನೇ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಅಂಗಾತ ಮಲಗುತ್ತಿದ್ದೆ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಒಂದೇ ಒಂದು ಮುಖ ಕಾಣುತ್ತಿರಲಿಲ್ಲ.

ಹೀಗಿರುವಾಗ ಮಾವನವರ ಸ್ಟುಡಿಯೋ ಇದ್ದ ಕಟ್ಟಡವನ್ನು ಕೆಡವುತ್ತಾರೆಂದು ಸುದ್ದಿ ಬಂತು.

ಮಾವನವರು ಫೋಟೋಗ್ರಾಫರ್. ಮೂವತ್ತೆಂಟು ವರ್ಷ ಒಂದೇ ಅಂಗಡಿ. ಮುಂದೆ ಫೋಟೋ ತೆಗೆಯುವುದು, ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆಯುವುದು, ಅದರ ಹಿಂದಿನ ಇನ್ನೊಂದು ಕೋಣೆಯಲ್ಲಿ ವಾಸ. ಜನರೆಲ್ಲ ತಮ್ಮ ಮುಖವನ್ನು ತಾವೇ ಫೋನಿನಲ್ಲಿ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಅಂಗಡಿ ಹೆಸರಿಗಷ್ಟೇ ತೆರೆದಿರುತ್ತಿತ್ತು. ಈಗ ಅದೂ ಹೋಗುವುದರಲ್ಲಿತ್ತು.

“ಅಪ್ಪ ನಮ್ಮ ಮನೆಗೇ ಬರ್ಲಿ ಕಣ್ರೀ,” ಎಂದಳು ಹೆಂಡತಿ. “ಆ ನಡುವಿನ ಕೋಣೆ ಸುಮ್ನೆ ಬಿದ್ದಿದೆ.”

ಸುಮ್ಮನೆ ಬಿದ್ದಿದ್ದದ್ದು ನಾನು. ಆದರೆ ಅದನ್ನು ಹೇಗೆ ಹೇಳುವುದು? ಮಾವನವರು ಒಳ್ಳೆಯವರು. ಮದುವೆಯಾದಾಗಿನಿಂದ ಒಂದು ದಿನವೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಅಂಥವರನ್ನು ಬೇಡ ಎನ್ನಲು ನನಗೆ ಮನಸ್ಸಿರಲಿಲ್ಲ; ಬನ್ನಿ ಎನ್ನಲು ಜಾಗವಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಫೋನ್ ಮಾಡಿಯೇ ಬಿಟ್ಟಳು. ಅವರು ಎಲ್ಲಕ್ಕೂ ಹೂಂ ಎಂದು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಕೋಣೆಗೆ ಕಿಟಕಿ ಇದೆ ತಾನೇ ಮಗಳೇ? ಅರ್ಧ ಆಯಸ್ಸು ಕತ್ತಲೆ ಕೋಣೇಲೇ ಕಳ್ದಿದ್ದೀನಿ. ಇನ್ನು ಒಂದು ದಿನಾನೂ ನನ್ ಕೈಲಾಗಲ್ಲ. ಕಿಟಕಿ ಇಲ್ದಿದ್ರೆ ಬೇಜಾರು ಮಾಡ್ಕೋಬೇಡ, ನಾನು ಬೇರೆ ಎಲ್ಲಾದ್ರೂ ನೋಡ್ಕೋತೀನಿ.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಅತ್ಯಂತ ವಿಷಾದದಿಂದ ತಲೆಯಾಡಿಸಿದೆ. (ಒಳಗೆ ಏನಾಗುತ್ತಿತ್ತು ಎಂದು ಕೇಳಬೇಡಿ. ನಾನೂ ಮನುಷ್ಯ.)

“ಗೋಡೆ ಒಡೆದು ಒಂದು ಕಿಟಕಿ ಇಡಿಸೋಣ್ವಾ?” ಎಂದಳು.

“ಇಡಿಸಬಹುದು. ಒಂದು ಕಡೆ ಒಡೆದ್ರೆ ಬಚ್ಚಲು ಕಾಣುತ್ತೆ, ಇನ್ನೊಂದು ಕಡೆ ಒಡೆದ್ರೆ ನೀನು ಪಾತ್ರೆ ತೊಳೆಯೋದು ಕಾಣುತ್ತೆ. ಯಾವುದು ಬೇಕು ನಿಮ್ಮಪ್ಪನಿಗೆ?”

ಈ ಮಾತು ಆಡಬಾರದಿತ್ತು. ಅವಳು ಮೌನಕ್ಕೆ ಕೂತಳು. ನಮ್ಮ ಮನೆಯಲ್ಲಿ ಮಾತಿಗಿಂತ ಮೌನಕ್ಕೆ ಸದ್ದು ಜಾಸ್ತಿ: ತಟ್ಟೆ ಇಡುವುದು ಧಡ್ ಎನ್ನುತ್ತದೆ, ಬೀರುವಿನ ಬಾಗಿಲು ಢಮಾರ್ ಎನ್ನುತ್ತದೆ, ಚಪ್ಪಲಿ ಕೂಡ ಏನೋ ಗೊಣಗುತ್ತ ಓಡಾಡುತ್ತದೆ. ನನಗೆ ತಲುಪಬೇಕಾದ ಸಂದೇಶಗಳೆಲ್ಲ ಮಗಳ ಮೂಲಕ ರವಾನೆಯಾಗುತ್ತವೆ. “ನಿಮ್ಮಪ್ಪನಿಗೆ ಹೇಳು, ಕಾಫಿ ಆರ್ತಿದೆ.” ನಾನು ಅಲ್ಲೇ ಎರಡಡಿ ದೂರದಲ್ಲಿ ಕಾಫಿಯನ್ನೇ ನೋಡುತ್ತ ಕೂತಿರುತ್ತೇನೆ. ಮಗಳು ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ಕಾಫಿ ಆರ್ತಿದೆಯಂತೆ,” ಎಂದು ಸರ್ಕಾರಿ ಸುತ್ತೋಲೆಯ ಧಾಟಿಯಲ್ಲಿ ಓದಿ ಹೇಳುತ್ತಾಳೆ.

ಮೌನದ ಮೂರನೆಯ ದಿನ ಸಂಜೆ, ಇನ್ನೂ ದೀಪ ಹಾಕಿರಲಿಲ್ಲ, ನಾನು ಟೀವಿಯ ಮುಂದೆ ಕೂತಿದ್ದೆ. ಹವಾಮಾನ ವರದಿ ಬರುತ್ತಿತ್ತು. ಅದನ್ನು ಓದುವ ತಾಯಿ ನಾಳೆ ಅಲ್ಲಲ್ಲಿ ಚದುರಿದ ಮೋಡ ಎನ್ನುತ್ತಿದ್ದಳು. ಅಷ್ಟರಲ್ಲಿ ಒಂದು ಸೊಳ್ಳೆ ಬಂದು ನೇರವಾಗಿ ಅವಳ ಮೂಗಿನ ಮೇಲೆ ಕೂತಿತು. ಮೂರು ದಿನಗಳಿಂದ ನನ್ನ ರಕ್ತ ಕುಡಿದು ಕೊಬ್ಬಿದ ಸೊಳ್ಳೆ. ನನಗೆ ಅದರ ಗುರುತಿತ್ತು. ಕೈಗೆ ಸಿಕ್ಕ ಸೊಳ್ಳೆ ಬ್ಯಾಟು ಎತ್ತಿ, ಕಚೇರಿಯಲ್ಲಿ ಯಾರ ಮೇಲೂ ತೋರಿಸಲಾಗದ ಕೋಪವನ್ನೆಲ್ಲ ಒಟ್ಟುಮಾಡಿ ಬೀಸಿದೆ.

ಚಟ್ ಎಂದದ್ದು ಸೊಳ್ಳೆಯಲ್ಲ.

ಹವಾಮಾನದ ತಾಯಿಯ ಮೂಗಿನಿಂದ ನಾಲ್ಕೂ ದಿಕ್ಕಿಗೆ ಜೇಡರ ಬಲೆಯಂತೆ ಬಿರುಕು ಹೊರಟಿತು. ಆಮೇಲೆ ಅದರೊಳಗಿಂದ ಮಸಿ ಚೆಲ್ಲಿದ ಹಾಗೆ ಕಪ್ಪು ಹರಡಿತು. ದನಿ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು: ನಾಡಿದ್ದು ಆಕಾಶ ನಿರ್ಮಲವಾಗಿರುತ್ತದೆ.

“ಸೊಳ್ಳೆ ಸತ್ತಿತಾ ಅಪ್ಪಾ?” ಎಂದಳು ಮಗಳು.

“ಇಲ್ಲ.”

ಹೆಂಡತಿ ಸೌಟು ಹಿಡಿದೇ ಬಂದು, ಟೀವಿಯನ್ನು ನೋಡಿದಳು, ಬ್ಯಾಟನ್ನು ನೋಡಿದಳು, ನನ್ನನ್ನು ನೋಡಿದಳು. ಒಂದೂ ಮಾತಾಡದೆ ವಾಪಸು ಹೋದಳು. ಮಗಳ ಮೂಲಕವೂ ಏನೂ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದ. ತೆಳ್ಳನೆಯ ಆಸಾಮಿ, ಹೆಗಲಿಗೊಂದು ಚೀಲ, ಮುಖದಲ್ಲಿ ದೊಡ್ಡ ಡಾಕ್ಟರರ ಗಾಂಭೀರ್ಯ. ಟೀವಿಯನ್ನು ಒಂದು ನಿಮಿಷ ದಿಟ್ಟಿಸಿ, “ಯಾರು ಹೊಡೆದಿದ್ದು?” ಎಂದ.

“ಸೊಳ್ಳೆ,” ಎಂದೆ.

“ಮುಂದಿನ ಗಾಜು ಹೋಯ್ತು ಸಾರ್. ಹೊಸ ಗಾಜು ಹಾಕ್ಸೋ ಬದ್ಲು ಹೊಸ ಟೀವೀನೇ ತಗೊಳ್ಳಿ. ಹೆಚ್ಚುಕಮ್ಮಿ ಅಷ್ಟೇ ಆಗುತ್ತೆ.”

ಹೆಂಡತಿ ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಆರಲೆಂದು ನಾನು, “ಒಳಗೆ ಒಂದ್ಸಲ ನೋಡಿಬಿಡಪ್ಪ, ಏನಾದ್ರೂ ಮಾಡೋಕಾಗುತ್ತಾ ಅಂತ,” ಎಂದೆ. ಅವನಿಗೂ ಭಾನುವಾರ ಬೇರೆ ಕೆಲಸವಿರಲಿಲ್ಲವೋ ಏನೋ. ಹಾಲಿನ ನೆಲದ ಮೇಲೆ ಕಂಬಳಿ ಹಾಸಿಸಿ, ಟೀವಿಯನ್ನು ಮಲಗಿಸಿ, ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದ. ಸುತ್ತಲಿನ ಪಟ್ಟಿ ಬಿಚ್ಚಿ, ಒಡೆದ ಗಾಜನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದ. ಹಪ್ಪಳದಷ್ಟು ತೆಳು! ಇಷ್ಟು ವರ್ಷ ನಾವು ನೋಡಿದ್ದು, ನಕ್ಕಿದ್ದು, ಅತ್ತಿದ್ದು, ಎಲ್ಲ ಇದರಲ್ಲೇ ಎಂದರೆ ನಂಬಿಕೆ ಬರಲಿಲ್ಲ.

“ಇದೇ ಸಾರ್ ಪರದೆ. ಎರಡು ಗಾಜು, ನಡುವೆ ಲಿಕ್ವಿಡ್ ಕ್ರಿಸ್ಟಲ್ ಅಂತ ಒಂದು ದ್ರವ. ಲಕ್ಷಾಂತರ ಪುಟಾಣಿ ಬಾಗಿಲು ಅಂದ್ಕೊಳ್ಳಿ. ಕೆಂಪು, ಹಸಿರು, ನೀಲಿ, ಮೂರೇ ಬಣ್ಣ. ಯಾವ ಬಾಗಿಲು ಎಷ್ಟು ತೆರೀಬೇಕು ಅಂತ ಕರೆಂಟು ಹೇಳುತ್ತೆ, ಅದು ತೆರೆಯುತ್ತೆ. ಅಷ್ಟೇ ಇದರ ಕೆಲ್ಸ.”

“ಬೆಳಕು?”

“ಇದಕ್ಕೆ ಸ್ವಂತ ಬೆಳಕಿಲ್ಲ. ಬೆಳಕೆಲ್ಲ ಹಿಂದಿಂದ. ಅದರಲ್ಲೂ ನೂರಕ್ಕೆ ಐದೋ ಆರೋ ಪಾಲು ಈ ಬಾಗಿಲು ದಾಟಿ ನಿಮ್ಮ ಕಣ್ಣಿಗೆ ಬರುತ್ತೆ. ಮಿಕ್ಕಿದ್ದೆಲ್ಲ ದಾರೀಲೇ ಸಾಯುತ್ತೆ.”

ನಮ್ಮ ಕಚೇರಿಯಲ್ಲಿ ದೂರುಗಳ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಟೀವಿಯ ಮೇಲೆ ಮೊದಲ ಬಾರಿಗೆ ಆತ್ಮೀಯತೆ ಹುಟ್ಟಿತು.

“ಹಾಗಾದ್ರೆ ಪರದೆ ಪೂರ್ತಿ ಕಪ್ಪಾದಾಗ ಹಿಂದೆ ದೀಪ ಆರಿರುತ್ತಾ?” ಎಂದು ಕೇಳಿದಳು ಮಗಳು.

“ಕೆಲವು ದುಬಾರಿ ಟೀವಿಗಳಲ್ಲಿ ಅಲ್ಲಲ್ಲೇ ಆರುತ್ತಮ್ಮಾ. ಇದರಲ್ಲಿ ಇಲ್ಲ. ಬಾಗಿಲು ಮುಚ್ಚಿರುತ್ತೆ ಅಷ್ಟೆ. ಹಿಂದೆ ದೀಪ ಉರೀತಾನೇ ಇರುತ್ತೆ.”

ನೋಡುವವರಿಗೆ ಏನೂ ಮಾಡದೆ ಕತ್ತಲಾಗಿ ಕೂತ ಹಾಗೆ ಕಾಣುವುದು, ಒಳಗೊಳಗೇ ಉರಿಯುತ್ತಲೇ ಇರುವುದು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ಇಬ್ಬರೂ ಅದು ನಮ್ಮ ನಮ್ಮ ಬಗ್ಗೆಯೇ ಹೇಳಿದ್ದು ಎಂದುಕೊಂಡೆವು.

ಮೆಕ್ಯಾನಿಕ್‌ಗೆ ಕೇಳುವ ಕಿವಿಗಳು ಸಿಕ್ಕಿದ್ದವು. ಚೀಲದಿಂದ ಹಳೆಯ ಪರದೆಗಳಿಂದ ಕಿತ್ತ ಎರಡು ಬೂದು ಬಣ್ಣದ ಹಾಳೆ ಚೂರುಗಳನ್ನು ತೆಗೆದ. ಒಂದರ ಮೇಲೊಂದು ಇಟ್ಟು ತೋರಿಸಿದರೆ ಆಚೆ ಕಾಣುತ್ತಿತ್ತು. ಒಂದನ್ನು ಅಡ್ಡ ತಿರುಗಿಸಿದೊಡನೆ ಪೂರ್ತಿ ಕಪ್ಪು. “ಗಾಜಿನ ಹಿಂದೊಂದು ಮುಂದೊಂದು ಇಂಥ ಹಾಳೆ ಅಂಟಿಸಿರ್ತಾರೆ ಸಾರ್. ನಡುವಿನ ದ್ರವ ಬೆಳಕನ್ನ ತಿರುಗಿಸಿಕೊಟ್ರೆ ದಾಟುತ್ತೆ, ಇಲ್ದಿದ್ರೆ ಇಲ್ಲ.”

“ಗೊತ್ತಾಯ್ತು,” ಎಂದೆ. “ಒಬ್ಬರಿಗೊಬ್ಬರು ಅಡ್ಡ ತಿರುಗಿ ನಿಂತ್ರೆ ಮನೆಯಲ್ಲಿ ಕತ್ತಲೆ. ನಡುವೆ ಮಗಳಂಥವರು ಒಬ್ಬರು ಬೇಕು, ತಿರುಗಿಸಿ ಕೊಡೋಕೆ.”

“ನಿಮ್ಮಪ್ಪನಿಗೆ ಹೇಳು,” ಎಂದಳು ಹೆಂಡತಿ, “ಹೊಡೆದು ಹಾಕಿದ ಮೇಲೆ ವೇದಾಂತ ಬೇಡ ಅಂತ.”

ಗಾಜಿನ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿದ್ದವು. ಒಂದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಏಣುಗಳಂತೆ; ಬೆಳಕನ್ನೆಲ್ಲ ನೋಡುವವರ ಕಡೆಗೇ ತಿರುಗಿಸುವುದು ಅದರ ಕೆಲಸ. ಅದನ್ನೆತ್ತಿ ಅದರ ಮೂಲಕ ನೋಡಿದೆ. ಎದುರಿಗೆ ಇಬ್ಬರು ಹೆಂಡತಿಯರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ತಕ್ಷಣ ಕೆಳಗಿಟ್ಟೆ. ಅದರ ಕೆಳಗೆ ಹಾಲಿನ ಬಣ್ಣದ ದಪ್ಪ ಹಲಗೆ, ಬೆಳಕನ್ನು ಸಮನಾಗಿ ಹರಡಲು. ಎಲ್ಲಕ್ಕಿಂತ ತಳದಲ್ಲಿ ಬಿಳಿಯ ಹಾಸು, ಅದರ ತೂತುಗಳಿಂದ ತಲೆ ಹೊರಗಿಟ್ಟ ಸಾಲು ಸಾಲು ಪುಟ್ಟ ದೀಪಗಳು, ಒಂದೊಂದರ ಮೇಲೂ ಅಂಗಿಯ ಗುಂಡಿಯಷ್ಟು ಮಸೂರ. ಮೆಕ್ಯಾನಿಕ್ “ಯಾರೂ ಕೈ ಹಾಕ್ಬೇಡಿ, ಕರೆಂಟು ಹೊಡೆದ್ರೆ ಗೋಡೆಗೆ ಹೋಗಿ ಬೀಳ್ತೀರಿ,” ಎಂದು ಎಚ್ಚರಿಸಿ, ಬೋರ್ಡಿನಲ್ಲಿ ಎಲ್ಲಿಂದ ಎಲ್ಲಿಗೋ ಒಂದು ತಂತಿ ಎಳೆದ. ಹಾಳೆಗಳನ್ನೆಲ್ಲ ಮೊದಲಿನಂತೆ ಜೋಡಿಸಿ, ಗಾಜನ್ನು ಮಾತ್ರ ಪಕ್ಕಕ್ಕಿಟ್ಟು, ಟೀವಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಸ್ವಿಚ್ ಒತ್ತಿದ.

“ದೀಪ ಚೆನ್ನಾಗೇ ಇದೆ ನೋಡಿ.”

ಹಾಲ್ ತುಂಬಿಹೋಯಿತು. ಬಲ್ಬಿನ ಬೆಳಕಲ್ಲ, ಟ್ಯೂಬ್‌ಲೈಟೂ ಅಲ್ಲ. ಮೋಡ ತೆಳುವಾಗಿರುವ ಬೆಳಗಿನ ಎಂಟು ಗಂಟೆಯ ಬೆಳಕು. ಎಲ್ಲಿಯೂ ಚುಚ್ಚುತ್ತಿರಲಿಲ್ಲ. ಹೆಂಡತಿ ಅದರ ಮುಂದೆ ನಿಂತಿದ್ದಳು. ನಾಲ್ಕು ದಿನಗಳಿಂದ ಗಂಟಿಕ್ಕಿದ್ದ ಮುಖ ಆ ಬೆಳಕಿನಲ್ಲಿ ಬಿಡಿಸಿಕೊಂಡು, ಇಪ್ಪತ್ತು ವರ್ಷ ಹಿಂದಿನ ಯಾವುದೋ ಮುಖವಾಯಿತು.

“ಬೆಳಗಾದ ಹಾಗಿದೆ ಅಲ್ವಾ ರೀ,” ಎಂದಳು. ನೇರವಾಗಿ ನನಗೇ!

ಆ ಒಂದು ‘ರೀ’ ನನ್ನನ್ನು ಕೆಡಿಸಿತು. ನಾಲ್ಕು ದಿನ ಉಪವಾಸವಿದ್ದವನ ಮುಂದೆ ಎಲೆ ಹಾಕಿದಂತಾಗಿ, ಬುದ್ಧಿಯನ್ನು ಕೇಳದೆ ನಾಲಗೆ ಹೇಳಿಬಿಟ್ಟಿತು:

“ಇದನ್ನ ಆ ನಡುವಿನ ಕೋಣೆ ಗೋಡೆಗೆ ಹಾಕಿದ್ರೆ ಕಿಟಕಿ ಇದ್ದ ಹಾಗೇ ಆಗುತ್ತಲ್ಲ?”

ಹೇಳಿದ ಮರುಕ್ಷಣವೇ ನಾಲಗೆ ಕಚ್ಚಿಕೊಂಡೆ. ಆದರೆ ಅವಳ ಕಣ್ಣು ಆಗಲೇ ಅರಳಿತ್ತು. “ರೀ! ನಿಮ್ಮ ತಲೇಲಿ ಇಷ್ಟೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ!” ಮೆಕ್ಯಾನಿಕ್ ಕೂಡ, “ಸೂಪರ್ ಐಡಿಯಾ ಸಾರ್,” ಎಂದ. ಮನೆಯಲ್ಲಿ ನನ್ನನ್ನು ಒಟ್ಟಿಗೆ ಇಬ್ಬರು ಹೊಗಳಿದ್ದು ಅದೇ ಮೊದಲು. ನಾನೇನು ಮಾಡಲಿ? ಗಂಭೀರವಾಗಿ ಮುಗುಳ್ನಕ್ಕೆ.

ಒಂದೇ ವಾರ. ಸಾಮಾನು ಹೊರಗೆ, ನನ್ನ ಮಡಚುವ ಮಂಚ ಮಡಚಿ ಹೊರಗೆ. ಮೆಕ್ಯಾನಿಕ್ ಬಂದು ಟೀವಿಯನ್ನು ಗೋಡೆಗೆ ಬಿಗಿದು, ಬೆಳಕು ಹೆಚ್ಚುಕಡಿಮೆ ಮಾಡಲು ಪಕ್ಕದಲ್ಲಿ ಒಂದು ತಿರುಗಣೆ ಇಟ್ಟುಕೊಟ್ಟ. ಹೆಂಡತಿ ಹಳೆ ಮರದ ಸಾಮಾನಿನ ಅಂಗಡಿಯಿಂದ ಕಂಬಿಯಿದ್ದ ಕಿಟಕಿಯ ಚೌಕಟ್ಟೊಂದನ್ನು ತಂದು ಅದರ ಸುತ್ತ ಕೂರಿಸಿದಳು. ಕೊನೆಗೆ ತಾನೇ ಹೊಲಿದು, ಮಡಿಕೆ ಮಡಿಕೆಯಾಗಿ ಬಟ್ಟೆಯ ಪರದೆ ಇಳಿಬಿಟ್ಟಳು. ಪರದೆ ತೆಗೆದ ಟೀವಿಗೆ ಮತ್ತೆ ಪರದೆ. ನಾನು ಈ ಶ್ಲೇಷೆಯನ್ನು ಜೋರಾಗಿ ಹೇಳಿದೆ. ಯಾರೂ ನಗಲಿಲ್ಲ.

“ತಾತನಿಗೆ ಏನಂತ ಹೇಳಿದ್ದೀಯಮ್ಮಾ?” ಎಂದಳು ಮಗಳು.

“ಕಿಟಕಿ ಇದೆ ಅಂತ.”

“ಅದು ಸುಳ್ಳಲ್ವಾ?”

“ಏನು ಸುಳ್ಳು? ಚೌಕಟ್ಟಿದೆ, ಕಂಬಿ ಇದೆ, ಬೆಳಕು ಬರುತ್ತೆ. ಆಚೆ ಏನು ಕಾಣುತ್ತೆ ಅಂತ ಅವರು ಕೇಳೇ ಇಲ್ಲ.”

ಮಾವನವರು ಎರಡು ಟ್ರಂಕುಗಳೊಂದಿಗೆ ಬಂದರು. ಒಂದು ಹಗುರ, ಅದರಲ್ಲಿ ಬಟ್ಟೆ. ಇನ್ನೊಂದು ಭಾರ, ಅದನ್ನು ನನಗೆ ಎತ್ತಲು ಬಿಡದೆ ತಾವೇ ಹಿಡಿದಿದ್ದರು. ಕೋಣೆಯ ಬಾಗಿಲಲ್ಲಿ ನಿಂತರು. ಪರದೆ ಸರಿಸಿದರು. ನಾವು ಮೂವರೂ ಉಸಿರು ಬಿಗಿಹಿಡಿದೆವು. ಅವರು ಹೊರಗೆ ಇಣುಕುವ ಪ್ರಯತ್ನವನ್ನೇ ಮಾಡಲಿಲ್ಲ. ಬಲಗೈ ಚಾಚಿ, ಬೆರಳುಗಳನ್ನು ಬಿಡಿಸಿ, ಎದುರಿನ ಗೋಡೆಯ ಮೇಲೆ ಅದರ ನೆರಳನ್ನು ಹುಡುಕಿದರು. ಮೂವತ್ತೆಂಟು ವರ್ಷ ಬೆಳಕಿನ ಕೆಲಸ ಮಾಡಿದವರಿಗೆ ಒಂದು ಕ್ಷಣ ಸಾಕಾಯಿತು.

“ಇದು ಬಿಸಿಲಲ್ಲ,” ಎಂದರು.

ಹೆಂಡತಿಯ ಮುಖ ಬಿಳಚಿತು. “ಅಪ್ಪಾ, ಅದು ಏನಾಯ್ತು ಅಂದ್ರೆ...”

“ಗೆರೆ ಎಳೆದ ಹಾಗೆ ಬೀಳೋ ನೆರಳೇ ಇಲ್ಲ ಇದಕ್ಕೆ!” ಅವರ ದನಿ ನಡುಗುತ್ತಿತ್ತು. “ಬಿಳಿ ಬಟ್ಟೆ ಕಟ್ಟಿದೆ, ಕೊಡೆ ಹಿಡಿದೆ, ಬಲ್ಬಿಗೆ ಎಣ್ಣೆ ಕಾಗದ ಸುತ್ತಿದೆ. ಇಡೀ ಜೀವಮಾನ ಈ ಬೆಳಕಿಗೆ ಒದ್ದಾಡಿದ್ದೀನಿ ಮಗಳೇ. ಯಾರು ಮಾಡಿದ್ದು ಇದು?”

ಸತ್ಯ ಹೇಳಿದ್ದರೆ ಮೆಕ್ಯಾನಿಕ್‌ನ ಹೆಸರು ಹೇಳಬೇಕಿತ್ತು. ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅವನು ಅಲ್ಲಿರಲಿಲ್ಲ.

“ನಾನೇ,” ಎಂದೆ.

ಮಾವನವರು ನನ್ನ ಎರಡೂ ಕೈ ಹಿಡಿದುಕೊಂಡು, ಬಹಳ ಹೊತ್ತು ಬಿಡಲಿಲ್ಲ. “ಅಳಿಯಂದಿರೇ,” ಎಂದಷ್ಟೇ ಅಂದರು. ಕಣ್ಣು ಒದ್ದೆಯಾಗಿತ್ತು. ವಿಶ್ರಾಂತಿಧಾಮ ಹೋದರೆ ಹೋಗಲಿ, ಸಂಜೆ ಹಾಲಿನ ಸೋಫಾದ ಮೇಲೆ ಕಣ್ಣಿಗೆ ಟವಲ್ ಮುಚ್ಚಿಕೊಂಡು ಮಲಗಿದರಾಯಿತು ಎಂದು ಉದಾರವಾಗಿ ತೀರ್ಮಾನಿಸಿದೆ. ಹೇಗೂ ಟೀವಿ ಇಲ್ಲ, ಹಾಲಿನಲ್ಲಿ ಗಲಾಟೆಯಿಲ್ಲ.

ಈ ವ್ಯವಸ್ಥೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ಮಗಳ ಕಾಲೇಜಿನ ಅರ್ಜಿಗೆ ಒಂದು ಫೋಟೋ ಬೇಕಾಯಿತು. ಮಾವನವರು ಭಾರದ ಟ್ರಂಕನ್ನು ತೆರೆದು ಡಿಜಿಟಲ್ ಕ್ಯಾಮೆರಾ ಹೊರತೆಗೆದರು. ಅವಳನ್ನು ಟೀವಿ ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದೇ ಒಂದು ತೆಗೆದರು. ಅರ್ಜಿಗೆ ಅಂಟಿಸುವ ಫೋಟೋದಲ್ಲಿ ಮನುಷ್ಯರು ತಪ್ಪಿಸಿಕೊಂಡ ಕಳ್ಳರಂತೆ ಕಾಣುವುದು ಲೋಕದ ನಿಯಮ. ನನ್ನ ಮಗಳು ರಾಜಕುಮಾರಿಯಂತೆ ಬಂದಿದ್ದಳು. ಅವಳು ಅದನ್ನು ಗೆಳತಿಯರಿಗೆ ಕಳಿಸಿದಳು. ಮರುದಿನ ಗೆಳತಿಯರು ಐವರು ಬಂದರು. ಅದರ ಮಾರನೆಯ ದಿನ ಆ ಐವರ ತಾಯಂದಿರು ಬಂದರು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಕೆಲಸದ ಅರ್ಜಿಯವರು, ಪಾಸ್‌ಪೋರ್ಟಿನವರು, ‘ಸುಮ್ನೆ ಒಂದು ಚೆನ್ನಾಗಿರೋದು ಬೇಕು’ ಎನ್ನುವವರು. ಹಾಲ್ ಕಾಯುವ ಸ್ಥಳವಾಯಿತು, ನಮ್ಮ ಮಲಗುವ ಕೋಣೆ ತಲೆ ಬಾಚಿಕೊಳ್ಳುವ ಸ್ಥಳವಾಯಿತು. ಹೆಂಡತಿ ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿ ನಂಬರ್ ಬರೆದು ಚೀಟಿ ಹಂಚತೊಡಗಿದಳು. ಅವಳ ಗತ್ತು ನೋಡಿದರೆ ದೊಡ್ಡಾಸ್ಪತ್ರೆಯ ಮೇಟ್ರನ್ ಕೈಕಟ್ಟಿ ನಿಲ್ಲಬೇಕು. ಮಾವನವರು ಹತ್ತು ವರ್ಷ ಚಿಕ್ಕವರಾದರು. ಮೀಸೆಗೆ ಕಪ್ಪು ಬಂತು. ಒಳಗಿಂದ ಅವರ ದನಿ ಕೇಳುತ್ತಿತ್ತು: “ಗಲ್ಲ ಸ್ವಲ್ಪ ಕೆಳಗೆ... ಹಾಂ, ಹಾಂ, ಈಗ ಉಸಿರು ಬಿಡಿ.”

ನನ್ನ ಪಾತ್ರವೇನು ಎಂದಿರಾ? ಮೆಕ್ಯಾನಿಕ್ ಯಾವುದೋ ಸತ್ತ ಟೀವಿಯಿಂದ ಇನ್ನೊಂದು ಬಿಳಿಯ ಹಾಸು ತಂದುಕೊಟ್ಟಿದ್ದ. ಅದನ್ನು ಫೋಟೋಗೆ ಕೂತವರ ಎದೆಯ ಮಟ್ಟಕ್ಕೆ ಹಿಡಿದರೆ ಗಲ್ಲದ ಕೆಳಗೂ ಬೆಳಕು ಬೀಳುತ್ತದಂತೆ. ನಾನು ಆ ಹಾಸು ಹಿಡಿದು ನೆಲದ ಮೇಲೆ ಮೊಣಕಾಲೂರುವವನು. “ಅಳಿಯಂದಿರೇ, ಇನ್ನೊಂದು ಚೂರು ಕೆಳಗೆ,” ಎನ್ನುತ್ತಿದ್ದರು ಮಾವನವರು, ಅದೇ ಬಹುವಚನದಲ್ಲಿ. ಇದಕ್ಕಿಂತ ಕೆಳಗೆ ಹೋಗಲು ನೆಲ ಬಿಡುತ್ತಿರಲಿಲ್ಲ.

ಒಂದು ಸಂಜೆ ಹೀಗೆ ಹಾಸು ಹಿಡಿದು ಕೂತಿದ್ದಾಗ, ಸ್ಟೂಲಿನ ಮೇಲಿದ್ದ ದಪ್ಪ ಮನುಷ್ಯರೊಬ್ಬರು ನನ್ನನ್ನೇ ನೋಡಿದರು.

“ನೀವು ನೀರಿನ ಆಫೀಸಿನ ಮೂರನೇ ಕಿಟಕಿಯವರಲ್ವಾ?”

“ಅಲ್ಲ,” ಎಂದೆ.

“ಅಯ್ಯೋ ನೀವೇ! ಹೋದ ತಿಂಗಳು ದೂರು ಕೊಟ್ಟಿದ್ದೆ, ಇವತ್ತಿಗೂ ಒಬ್ಬ ನರಪಿಳ್ಳೆ ಬಂದಿಲ್ಲ. ಮೇಲಿನ ಮನೆಗೆ ಬರುತ್ತೆ, ನಮಗೆ ಮಾತ್ರ ಬರಲ್ಲ, ಅದು ಹೇಗ್ರೀ?”

“ಮಾತಾಡಬೇಡಿ ಸಾರ್, ಮುಖ ಅಲ್ಲಾಡುತ್ತೆ,” ಎಂದರು ಮಾವನವರು. ಆ ದಪ್ಪ ಮನುಷ್ಯರು ಫೋಟೋ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಅರ್ಧ ಗಂಟೆ ಹೇಳಿದರು. ನಾನು ಅಭ್ಯಾಸಬಲದಿಂದ ರಸೀದಿ ಪುಸ್ತಕಕ್ಕೆ ಜೇಬು ತಡಕಿದೆ.

ಇಷ್ಟರಲ್ಲಿ ಮಾವನವರಿಗೆ ಒಂದು ಚಿಂತೆ ಶುರುವಾಯಿತು. ಸಂಜೆ ಹೊತ್ತು ತೆಗೆದ ಫೋಟೋಗಳಲ್ಲಿ ಮುಖದ ಒಂದು ಕೆನ್ನೆ ಸರಿಯಾಗಿದ್ದು, ಬಾಗಿಲ ಕಡೆಯ ಕೆನ್ನೆ ಹಳದಿಯಾಗುತ್ತಿತ್ತು. ಎರಡು ದಿನ ಮನೆಯೆಲ್ಲ ಓಡಾಡಿ ಕಾರಣ ಕಂಡುಹಿಡಿದರು.

“ಬಿಸಿಲು ಕಣಮ್ಮಾ,” ಎಂದರು ನನ್ನ ಹೆಂಡತಿಗೆ, ಇಲಿ ಸಿಕ್ಕಿತೆಂಬ ದನಿಯಲ್ಲಿ. “ಹಾಲಿನ ಕಿಟಕಿಯಿಂದ ನುಗ್ಗುತ್ತೆ. ನನ್ನ ಬೆಳಕನ್ನ ಕೆಡಿಸ್ತಿರೋದು ಅದೇ.”

ಮರುದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಹಾಲಿನ ಎರಡು ಕಿಟಕಿಗೂ ಕರಿಯ ದಪ್ಪ ಬಟ್ಟೆ ಬಿದ್ದಿತ್ತು. ಅದರ ಮಾರನೆಯ ದಿನ ಅಡುಗೆಮನೆಯದು, ಮಲಗುವ ಕೋಣೆಯದು. ಒಂದು ಸುಳ್ಳು ಕಿಟಕಿಯ ಆರೋಗ್ಯಕ್ಕಾಗಿ ನಾಲ್ಕು ನಿಜವಾದ ಕಿಟಕಿಗಳು ಕಣ್ಣುಮುಚ್ಚಿದವು. ಕಿಟಕಿ ಇಲ್ಲದಿದ್ದರೆ ಬರುವುದೇ ಇಲ್ಲ ಎಂದಿದ್ದ ಮಹಾನುಭಾವರು ಇವರೇ ಎಂದು ಯಾರಿಗೆ ನೆನಪಿಸಲಿ?

“ಈಗ ಮನೆ ಪೂರ್ತಿ ಕತ್ತಲೆ ಆಯ್ತಲ್ಲೇ,” ಎಂದೆ ಹೆಂಡತಿಗೆ.

“ನಿಮಗೆ ಕತ್ತಲೆ ಇಷ್ಟ ತಾನೇ?” ಎಂದಳು.

ಇಷ್ಟವೇ. ಆದರೆ ಚೀಟಿ ಹಿಡಿದು ಹನ್ನೆರಡು ಜನ ಕೂತ ಕತ್ತಲೆಯಲ್ಲಿ ನಾನು ಏನು ಮಾಡಲಿ?

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಹೊಸ ಟೀವಿ! ಹಾಲಿಗೆ ಒಂದು ಟೀವಿ ಬಂದರೆ ಹೆಂಡತಿ ಸಂಜೆ ಧಾರಾವಾಹಿಗೆ ಕೂರುತ್ತಾಳೆ. ಅವಳು ಕೂತರೆ ಚೀಟಿ ಹಂಚುವವರಿಲ್ಲ. ಚೀಟಿ ಇಲ್ಲದಿದ್ದರೆ ಜನ ಇಲ್ಲ. ಜನ ಇಲ್ಲದಿದ್ದರೆ ಸೋಫಾ ನನ್ನದು. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಯಾರಿಗೂ ಹೇಳದೆ ಹೋಗಿ, ಮೊದಲಿನದಕ್ಕಿಂತ ದೊಡ್ಡದನ್ನೇ ತಂದೆ. ಹೆಂಡತಿಗೆ ಸಂತೋಷವಾಯಿತು. ಆ ಸಂಜೆ ನಾನಂದುಕೊಂಡ ಹಾಗೇ ಆಯಿತು: ಅವಳು ಏಳು ಗಂಟೆಗೇ ಎಲ್ಲರನ್ನೂ ಕಳಿಸಿ ಧಾರಾವಾಹಿ ನೋಡಿದಳು, ನಾನು ಸೋಫಾದಲ್ಲಿ ಅವಳ ಪಕ್ಕ ಕಾಲು ಮಡಚಿ ಇಪ್ಪತ್ತು ನಿಮಿಷ ನಿದ್ದೆ ಮಾಡಿದೆ. ಅದೊಂದು ಸುವರ್ಣಯುಗ. ಇತಿಹಾಸದಲ್ಲಿ ಇಷ್ಟು ಚಿಕ್ಕದು ಬೇರೆ ಇರಲಾರದು.

ಮರುದಿನ ಕಚೇರಿಯಲ್ಲಿ ಎಲ್ಲಿಯೋ ದೊಡ್ಡ ಕೊಳವೆ ಒಡೆದು ಮೂರನೇ ಕಿಟಕಿಗೆ ಇಡೀ ಊರೇ ಬಂದಿತ್ತು. ಕಾಲೆಳೆದುಕೊಂಡು ಮನೆಗೆ ಬಂದೆ. ಹಾಲಿನ ಗೋಡೆ ಬೋಳಾಗಿತ್ತು. ಸೋಫಾದ ಮೇಲೆ ನಾಲ್ವರು, ಕುರ್ಚಿಗಳ ಮೇಲೆ ಐವರು. ನಡುವಿನ ಕೋಣೆಯಿಂದ ಎಂದೂ ಕಾಣದಷ್ಟು ಬೆಳಕು ಬರುತ್ತಿತ್ತು. ಒಳಗೆ ನುಗ್ಗಿದೆ. ಒಂದು ಗೋಡೆಯ ಮೇಲೆ ಹಳೆಯ ಟೀವಿ ಕಿಟಕಿ. ಅದರ ಎದುರಿಗೆ ಮೇಜಿನ ಮೇಲೆ ನನ್ನ ಹೊಚ್ಚಹೊಸ ಟೀವಿ. ಅದರಲ್ಲಿ ಚಿತ್ರವಿಲ್ಲ, ಅಕ್ಷರವಿಲ್ಲ. ಮೂಲೆಯಿಂದ ಮೂಲೆಗೆ ಬಿಳಿ.

“ಏನಿದು?” ಎಂದೆ.

“ಬಿಳಿ ಚಿತ್ರ ಹಾಕಿದ್ದೀನಿ ಅಪ್ಪಾ,” ಎಂದಳು ಮಗಳು ಹೆಮ್ಮೆಯಿಂದ. “ಎಲ್ಲಾ ಬಾಗಿಲೂ ಪೂರ್ತಿ ತೆರೆದ ಹಾಗೆ. ತಾತನಿಗೆ ಆ ಕಡೆ ಕೆನ್ನೆಗೂ ಬೆಳಕು ಬೇಕಿತ್ತು.”

“ಮತ್ತೆ ಧಾರಾವಾಹಿ?”

“ಫೋನಲ್ಲಿ ನೋಡ್ಕೋತೀನಿ ಬಿಡ್ರೀ,” ಎಂದಳು ಹೆಂಡತಿ. “ಅಪ್ಪನಿಗೆ ಇದರಿಂದ ಎಷ್ಟು ಅನುಕೂಲ ಆಯ್ತು ಗೊತ್ತಾ? ನೀವು ಬಾಯಿಬಿಟ್ಟು ಹೇಳಲ್ಲ, ಆದ್ರೆ ಎಲ್ಲಾ ಯೋಚನೆ ಮಾಡೇ ಮಾಡ್ತೀರಿ.”

ನಾನು ಎರಡು ಬೆಳಕುಗಳ ನಡುವೆ ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಬಾಯಿ ತೆರೆದಿತ್ತು.

“ಅಳಿಯಂದಿರೇ!” ಮಾವನವರ ದನಿ ಒಮ್ಮೆಲೇ ಮೆತ್ತಗಾಯಿತು. “ಹಾಗೇ ನಿಂತಿರಿ. ಅಲ್ಲಾಡಬೇಡಿ.”

ಕ್ಲಿಕ್ ಎಂದಿತು.

ಕ್ಯಾಮೆರಾದ ಹಿಂಬದಿಯಲ್ಲಿ ಮೂವರೂ ಬಗ್ಗಿ ನೋಡಿದರು. ನಾನೂ ಇಣುಕಿದೆ. ಮಾವನವರ ಜೀವನದ ಅತ್ಯುತ್ತಮ ಫೋಟೋ ಅದೇ ಇರಬೇಕು. ಒಂದು ಕೂದಲಿನ ನೆರಳೂ ಮುಖದ ಮೇಲಿರಲಿಲ್ಲ. ಅಡಗಿಕೊಳ್ಳಲು ಎಲ್ಲಿಯೂ ಜಾಗವಿಲ್ಲದೆ ಕಣ್ಣಿನ ಕೆಳಗಿನ ಚೀಲಗಳು, ಬಾಯಿಯ ಪಕ್ಕದ ಗೆರೆಗಳು, ಇಪ್ಪತ್ತಾರು ವರ್ಷದ ದೂರುಗಳು ಒಂದೂ ಬಿಡದೆ ಬಂದಿದ್ದವು. ಹೆಂಡತಿ ಬಹಳ ಹೊತ್ತು ನೋಡಿದಳು. ಫೋಟೋವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು.

“ಅಯ್ಯೋ ರೀ, ಎಷ್ಟು ಸುಸ್ತಾಗಿದ್ದೀರಿ ನೀವು,” ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ಬೇರೇನೂ ಬೇಡ, ಮೊದ್ಲು ಹೋಗಿ ಸ್ವಲ್ಪ ಹೊತ್ತು ಮಲಗಿಕೊಳ್ಳಿ.”

“ಎಲ್ಲಿ?” ಎಂದೆ.

ಅವಳು ಬಾಗಿಲಿಂದ ಹಾಲಿನ ಕಡೆ ನೋಡಿದಳು. ಸೋಫಾದ ಮೇಲಿದ್ದ ನಾಲ್ವರೂ ತಮ್ಮ ತಮ್ಮ ಚೀಟಿಗಳನ್ನು ಭದ್ರವಾಗಿ ಹಿಡಿದುಕೊಂಡರು. ಮಲಗುವ ಕೋಣೆಯಲ್ಲಿ ಯಾರೋ ಕನ್ನಡಿಯ ಮುಂದೆ ಪೌಡರ್ ಹಚ್ಚುತ್ತಿದ್ದರು. ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ್ದ ಕಟ್ಟಿನಿಂದ ಒಂದು ಚೀಟಿ ಎಳೆದು, ಬೇರೆ ಯಾರಿಗೂ ತೋರದ ಪ್ರೀತಿಯಿಂದ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಸೋಫಾ ಖಾಲಿ ಆದ ತಕ್ಷಣ ಕೂಗ್ತೀನಿ.”

ನನ್ನದು ಹತ್ತೊಂಬತ್ತು. ಮಾವನವರು ಏಳನೆಯವರನ್ನು ಒಳಗೆ ಕರೆಯುತ್ತಿದ್ದರು.